ಬಾಂಬ್ ತೆಗೆಯುವವರೂ ಅವರೇ, ಹೂಳಲು ಹೊರಟವರೂ ಅವರೇ: ನೆಲಬಾಂಬ್ ಒಪ್ಪಂದಕ್ಕೆ ಏನಾಗುತ್ತಿದೆ?

ವಿಜಯಪುರ, ಬಾಗಲಕೋಟೆ ಕಡೆ ಎಳ್ಳಮಾಸೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿರೊಟ್ಟಿ ಉಂಡು ಬಂದು ಇನ್ನೂ ಒಂದು ವಾರ ಆಗಿತ್ತಷ್ಟೇ. ಆಗ ಯುರೋಪಿನಿಂದ ಒಂದು ಸುದ್ದಿ ಬಂತು. 2025ರ ಡಿಸೆಂಬರ್ 27ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ದೇಶಗಳು ನೆಲಬಾಂಬ್ ನಿಷೇಧ ಒಪ್ಪಂದದಿಂದ ಹೊರಬಿದ್ದವು. 2026ರ ಜನವರಿ 10ಕ್ಕೆ ಫಿನ್‌ಲೆಂಡ್ ಹೊರಬಂತು, ಫೆಬ್ರವರಿ 20ಕ್ಕೆ ಪೋಲೆಂಡ್.

ಇಷ್ಟೇ ಆಗಿದ್ದರೆ ಗೊಂದಲ ಇರುತ್ತಿರಲಿಲ್ಲ. ಆದರೆ ಉಕ್ರೇನಿನ ನೆಲದಿಂದ ಬಾಂಬ್ ತೆಗೆಯಲು ಹಣ, ಸಾಮಾನು, ತರಬೇತಿ ಕೂಡಿಸಿಕೊಡುವ ದೇಶಗಳ ಕೂಟವೊಂದಿದೆ. ಅದನ್ನು ಮುಂದೆ ನಿಂತು ನಡೆಸುತ್ತಿರುವ ಎರಡು ದೇಶಗಳಲ್ಲಿ ಒಂದು ಐಸ್‌ಲೆಂಡ್, ಇನ್ನೊಂದು ಇದೇ ಲಿಥುವೇನಿಯಾ. ನೆರೆಯವರ ಹೊಲದ ಬಾಂಬ್ ತೆಗೆಯಲು ದುಡ್ಡು ಕೊಡುವವರು ತಮ್ಮ ಗಡಿಯಲ್ಲಿ ಹೂಳುವ ಹಕ್ಕು ಬೇಕು ಅಂತಿದ್ದಾರೆ. ಇದು ಹೇಗೆ? ಇದರಿಂದ ಯಾರಿಗೆ ಏನಾಗುತ್ತದೆ? ನಮ್ಮ ದೇಶ ಎಲ್ಲಿ ನಿಂತಿದೆ? ಒಂದೊಂದಾಗಿ ನೋಡೋಣ.

ಒಪ್ಪಂದದಲ್ಲಿ ಇರುವುದೇನು

ಇದನ್ನು ಒಟ್ಟಾವಾ ಒಪ್ಪಂದ ಅನ್ನುತ್ತಾರೆ. 1997ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಹಿ ಶುರುವಾಯಿತು, 1999ರ ಮಾರ್ಚ್ 1ರಿಂದ ಜಾರಿಗೆ ಬಂತು. ಇದಕ್ಕಾಗಿ ಹೋರಾಡಿದ ಸಂಘಟನೆಗಳ ಒಕ್ಕೂಟಕ್ಕೂ ಅದರ ಸಂಚಾಲಕಿ ಜೋಡಿ ವಿಲಿಯಮ್ಸ್ ಎಂಬ ಮಹಿಳೆಗೂ 1997ರ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. 160ಕ್ಕೂ ಹೆಚ್ಚು ದೇಶಗಳು ಸೇರಿಕೊಂಡವು. ಅಮೆರಿಕ, ರಷ್ಯಾ, ಚೀನಾ, ಭಾರತ, ಪಾಕಿಸ್ತಾನ ಸೇರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಒಪ್ಪಂದ ನಿಷೇಧಿಸುವುದು ಮನುಷ್ಯರ ಕಾಲು ಬಿದ್ದರೆ ಸಿಡಿಯುವ ಬಾಂಬನ್ನು. ಕೆಲವೇ ಕಿಲೋ ಭಾರ ಸಾಕು, ಅಂದರೆ ಒಂದು ಮಗು ಸಾಕು. ಟ್ಯಾಂಕ್ ಒಡೆಯುವ ದೊಡ್ಡ ಬಾಂಬ್ ಬೇರೆ. ಅದಕ್ಕೆ ನೂರು ಕಿಲೋಗಿಂತ ಜಾಸ್ತಿ ಭಾರ ಬೇಕು, ಅದು ಈ ನಿಷೇಧದಲ್ಲಿ ಬರುವುದಿಲ್ಲ. ಆದರೆ ರೈತನ ಟ್ರ್ಯಾಕ್ಟರ್ ಯಾವುದು, ಶತ್ರುವಿನ ಟ್ಯಾಂಕ್ ಯಾವುದು ಅಂತ ಅದಕ್ಕೂ ಗೊತ್ತಾಗುವುದಿಲ್ಲ, ಅಲ್ವಾ?

ಸೇರಿದ ದೇಶ ಇಂಥ ಬಾಂಬ್ ಬಳಸಬಾರದು, ಮಾಡಬಾರದು, ಮಾರಬಾರದು. ಗೋದಾಮಿನಲ್ಲಿ ಇರುವುದನ್ನು 4 ವರ್ಷದಲ್ಲಿ ನಾಶ ಮಾಡಬೇಕು. ಹೀಗೆ ಇದುವರೆಗೆ 5.5 ಕೋಟಿಗೂ ಹೆಚ್ಚು ಬಾಂಬ್‌ಗಳು ನಾಶವಾಗಿವೆ. ನೆಲದಲ್ಲಿ ಹೂತಿರುವುದನ್ನು 10 ವರ್ಷದಲ್ಲಿ ತೆಗೆಯಬೇಕು, ಆಗದಿದ್ದರೆ ಗಡುವು ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬೇಕು.

ಸುದ್ದಿಗಳಲ್ಲಿ ಯಾರೂ ಹೆಚ್ಚಾಗಿ ಹೇಳದ ಇನ್ನೊಂದು ಮಾತು ಆರನೇ ಕಲಮಿನಲ್ಲಿದೆ. ಬಾಂಬ್ ತೆಗೆಯಲು, ಕಾಲು ಕಳೆದುಕೊಂಡವರನ್ನು ನೋಡಿಕೊಳ್ಳಲು ಒಬ್ಬರಿಂದ ಆಗದಿದ್ದರೆ ಉಳಿದವರಿಂದ ನೆರವು ಕೇಳುವ ಹಕ್ಕಿದೆ, ಕೊಡಲು ಶಕ್ತಿ ಇರುವವರು ಕೊಡಬೇಕು. ನನ್ನ ಪ್ರಕಾರ ಒಪ್ಪಂದದ ಜೀವ ಇರುವುದು ಇಲ್ಲೇ. ಕಾಂಬೋಡಿಯಾ, ಅಂಗೋಲಾ, ಮೊಜಾಂಬಿಕ್‌ನಂಥ ಬಡ ದೇಶಗಳು "ನಾವು ಇನ್ನು ಹೂಳುವುದಿಲ್ಲ" ಅಂದವು. ಶ್ರೀಮಂತ ದೇಶಗಳು "ಹಾಗಾದರೆ ತೆಗೆಯಲು ನಾವು ಕೈ ಜೋಡಿಸುತ್ತೇವೆ" ಅಂದವು. ಈ ಕೊಡುಕೊಳ್ಳುವಿಕೆಯ ಮೇಲೆ ಇಪ್ಪತ್ತೈದು ವರ್ಷ ಕೆಲಸ ನಡೆದಿದೆ.

ಒಂದು ಹೊಲ ಸ್ವಚ್ಛ ಮಾಡುವುದು ಅಂದರೆ

ಇಷ್ಟು ದೇಶಗಳು ಯಾಕೆ ಕೂಡಬೇಕು ಅನ್ನುವುದು ಅರ್ಥವಾಗಬೇಕಾದರೆ ಆ ಕೆಲಸವನ್ನು ಹತ್ತಿರದಿಂದ ನೋಡಬೇಕು.

ಹೊಲದಲ್ಲಿ ಸುಮಾರು ಒಂದು ಮೀಟರ್ ಅಗಲದ ಪಟ್ಟಿ ಗುರುತು ಮಾಡುತ್ತಾರೆ. ಆ ಪಟ್ಟಿಗೆ ಒಬ್ಬನೇ ಆಳು. ಎದೆಗೆ ದಪ್ಪನೆಯ ಕವಚ, ಮುಖಕ್ಕೆ ಪಾರದರ್ಶಕ ಗುರಾಣಿ, ಕೈಯಲ್ಲಿ ಮೆಟಲ್ ಡಿಟೆಕ್ಟರ್. ಮೊದಲು ಹುಲ್ಲು ಕತ್ತರಿಸಬೇಕು, ಅದರೊಳಗೆ ಸಣ್ಣ ತಂತಿ ಕಟ್ಟಿರಬಹುದು. ಆಮೇಲೆ ಡಿಟೆಕ್ಟರನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಆಡಿಸುತ್ತಾನೆ. ಕೂಗಿದರೆ ಅಲ್ಲೇ ಮೊಣಕಾಲೂರಿ ಕೂರುತ್ತಾನೆ. ಸಣ್ಣ ಸಲಾಕೆಯನ್ನು ಓರೆಯಾಗಿ ಹಿಡಿದು, ಸುಮಾರು 30 ಡಿಗ್ರಿ ಕೋನದಲ್ಲಿ, ಮಣ್ಣಿಗೆ ಮೆಲ್ಲಗೆ ಚುಚ್ಚುತ್ತಾನೆ. ಓರೆ ಯಾಕೆಂದರೆ ಒತ್ತಿದರೆ ಬಾಂಬ್ ಸಿಡಿಸುವ ಗುಂಡಿ ಇರುವುದು ಅದರ ನೆತ್ತಿಯ ಮೇಲೆ, ಸಲಾಕೆ ತಾಗುವುದಾದರೆ ಅದರ ಪಕ್ಕೆಗೇ ತಾಗಬೇಕು. ಬೆರಳಿನಷ್ಟು ಬೆರಳಿನಷ್ಟೇ ಮಣ್ಣು ಸರಿಸುತ್ತಾನೆ. ಸಿಗುವುದು ಬಹಳ ಸಲ ಒಂದು ತುಕ್ಕು ಹಿಡಿದ ಮೊಳೆ, ಗುಂಡಿನ ಖಾಲಿ ಕೋಶ, ಡಬ್ಬಿಯ ಮುಚ್ಚಳ. ಎದ್ದು ಮತ್ತೆ ಮುಂದಕ್ಕೆ. ಬಾಂಬೇ ಸಿಕ್ಕರೆ ಸಾಮಾನ್ಯವಾಗಿ ಮೇಲೆತ್ತುವುದಿಲ್ಲ, ಗುರುತು ಹಾಕಿ, ಎಲ್ಲರನ್ನೂ ದೂರ ಕಳಿಸಿ, ಪಕ್ಕದಲ್ಲಿ ಸಣ್ಣ ಸಿಡಿಮದ್ದು ಇಟ್ಟು ಅಲ್ಲೇ ಒಡೆಯುತ್ತಾರೆ.

ಒಂದು ಬಾಂಬ್ ಮಾಡಲು 3ರಿಂದ 30 ಡಾಲರ್ ಸಾಕು, ಅದನ್ನು ತೆಗೆಯಲು 300ರಿಂದ 1,000 ಡಾಲರ್ ಬೇಕು ಅಂತ ವಿಶ್ವಸಂಸ್ಥೆ ಬಹಳ ಹಿಂದಿನಿಂದ ಹೇಳುತ್ತಾ ಬಂದಿದೆ. ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಯ ಸಾಮಾನು ತೆಗೆಯಲು ಕಡಿಮೆ ಅಂದರೂ ಇಪ್ಪತ್ತೈದು ಸಾವಿರ.

ಮಣ್ಣೂ ಆಟ ಆಡಿಸುತ್ತದೆ. ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲದ ಹಾಗೆ ಕಬ್ಬಿಣದ ಅಂಶ ಜಾಸ್ತಿ ಇರುವ ಕೆಂಪು ಮಣ್ಣಿನಲ್ಲಿ ಡಿಟೆಕ್ಟರ್ ಸುಮ್ಸುಮ್ನೆ ಕೂಗುತ್ತದೆ. ಇನ್ನು ನೀರು. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದಾಗ ಗೋಕಾಕ, ಮುಧೋಳ, ಚಿಕ್ಕೋಡಿ ಕಡೆಯ ಹೊಲಗಳಲ್ಲಿ ಹೂಳು ತುಂಬಿ, ಬದು ಎಲ್ಲಿತ್ತು ಅಂತ ಗೊತ್ತಾಗದ ಹಾಗೆ ಆಗಿದ್ದನ್ನು ಈ ಭಾಗದವರು ಮರೆತಿಲ್ಲ. ಆ ಹೂಳಿನ ಒಳಗೆ ಬಾಂಬ್ ಕೂಡ ಇದ್ದಿದ್ದರೆ? 2014ರ ಮೇ ತಿಂಗಳಲ್ಲಿ ಬೋಸ್ನಿಯಾದಲ್ಲಿ ಆಗಿದ್ದು ಇದೇ. ತೊಂಬತ್ತರ ದಶಕದ ಯುದ್ಧದಲ್ಲಿ ಹೂತ ಬಾಂಬ್‌ಗಳು ಪ್ರವಾಹ, ಭೂಕುಸಿತದಲ್ಲಿ ಜಾಗ ಬಿಟ್ಟು ಸರಿದವು, ಎಚ್ಚರಿಕೆಯ ಫಲಕಗಳು ಕೊಚ್ಚಿಹೋದವು. 2023ರ ಜೂನ್ 6ರಂದು ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆದಾಗಲೂ ಹೀಗೇ ಆಯಿತು. ಯಾರೋ ಎಲ್ಲೋ ಹೂತದ್ದು ಇನ್ಯಾರದೋ ಹೊಲಕ್ಕೆ ಬಂತು.

ಯಂತ್ರಗಳಿವೆ, ನಾಯಿಗಳಿವೆ, ಈಗ ಡ್ರೋನ್‌ಗಳೂ ಬಂದಿವೆ. ಟಾಂಜಾನಿಯಾದಲ್ಲಿ ಅಪೋಪೊ ಎಂಬ ಸಂಸ್ಥೆ ಆಫ್ರಿಕಾದ ದೊಡ್ಡ ಜಾತಿಯ ಇಲಿಗಳಿಗೆ ಸಿಡಿಮದ್ದಿನ ವಾಸನೆ ಹಿಡಿಯಲು ಕಲಿಸುತ್ತದೆ. ಇಲಿ ಹಗುರ, ಮೇಲೆ ಓಡಾಡಿದರೂ ಬಾಂಬ್ ಸಿಡಿಯುವುದಿಲ್ಲ. ವಾಸನೆ ಮಾತ್ರ ನೋಡುವುದರಿಂದ ಮೊಳೆ, ಡಬ್ಬಿಗೆಲ್ಲ ಅದು ನಿಲ್ಲುವುದೂ ಇಲ್ಲ. ಮಗಾವಾ ಎಂಬ ಇಲಿ ಕಾಂಬೋಡಿಯಾದಲ್ಲಿ ನೂರಕ್ಕೂ ಹೆಚ್ಚು ಬಾಂಬ್, ಸಿಡಿಮದ್ದುಗಳನ್ನು ಪತ್ತೆ ಮಾಡಿತ್ತು, 2020ರಲ್ಲಿ ಅದಕ್ಕೆ ಬ್ರಿಟನ್ನಿನ ಒಂದು ಪ್ರಾಣಿದಯಾ ಸಂಸ್ಥೆ ಚಿನ್ನದ ಪದಕ ಕೊಟ್ಟಿತು. ಕಲಿಸಿದ್ದು ಟಾಂಜಾನಿಯಾ, ಕೆಲಸ ಮಾಡಿದ್ದು ಕಾಂಬೋಡಿಯಾದಲ್ಲಿ, ದುಡ್ಡು ಬೇರೆ ಬೇರೆ ದೇಶದ ದಾನಿಗಳದು. ಆದರೂ ಇಲಿ ತೋರಿಸಿದ ಜಾಗದಲ್ಲಿ ಕಡೆಗೆ ಮೊಣಕಾಲೂರಿ ಮಣ್ಣು ಸರಿಸಬೇಕಾದವನು ಮನುಷ್ಯನೇ.

ಅನುಮಾನವೇ ಅರ್ಧ ಬಾಂಬ್

ಉಕ್ರೇನಿನಲ್ಲಿ ಬಾಂಬ್ ಇರಬಹುದು ಅಂತ ಒಂದು ಹಂತದಲ್ಲಿ ಗುರುತಿಸಿದ ನೆಲ ಸುಮಾರು 1,74,000 ಚದರ ಕಿಲೋಮೀಟರ್. ಇಡೀ ಕರ್ನಾಟಕ 1,91,791. ಬೀದರ್‌ನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಎಲ್ಲ ಕಡೆ "ಕಾಲಿಡಬೇಡಿ" ಅಂತ ಫಲಕ ಹಾಕಿದ ಹಾಗೆ.

ಆದರೆ ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅಷ್ಟೂ ನೆಲದಲ್ಲಿ ಬಾಂಬ್ ಇದೆ ಅಂತಲ್ಲ, ಇಲ್ಲ ಅಂತ ಹೇಳಲು ಯಾರಿಗೂ ಧೈರ್ಯವಿಲ್ಲ ಅಂತ. ಸಮೀಕ್ಷೆ ಮಾಡುತ್ತಾ ಮಾಡುತ್ತಾ ಈಗ ಅದನ್ನು 1,40,000ಕ್ಕಿಂತ ಕೆಳಗೆ ಇಳಿಸಿದ್ದಾರೆ. ಸಮೀಕ್ಷೆ ಅಂದರೆ ಮೊದಲ ಹಂತದಲ್ಲಿ ಊರವರನ್ನು ಕೂರಿಸಿ ಕೇಳುವುದು. ಸೈನ್ಯ ಎಲ್ಲಿ ಬೀಡು ಬಿಟ್ಟಿತ್ತು? ಯಾರ ದನ ಎಲ್ಲಿ ಸತ್ತಿತು? ಯಾವ ಹಾದಿಯಲ್ಲಿ ಜನ ದಿನಾ ಓಡಾಡುತ್ತಿದ್ದಾರೆ, ಏನೂ ಆಗಿಲ್ಲ? ಈ ಕೇಳುವ ಕೆಲಸ ಅಗೆಯುವ ಕೆಲಸಕ್ಕಿಂತ ಎಷ್ಟೋ ಅಗ್ಗ, ಮತ್ತು ಅತಿ ಹೆಚ್ಚು ನೆಲ ವಾಪಸ್ ಸಿಗುವುದು ಇದರಿಂದಲೇ.

ಅದು ಆಗುವವರೆಗೆ ರೈತನ ಗತಿ? ಬಿತ್ತಿಗೆಯ ಕಾಲ ಯಾರಿಗೂ ಕಾಯುವುದಿಲ್ಲ. ಒಂದು ಹದ ತಪ್ಪಿದರೆ ವರ್ಷವೇ ಹೋಯಿತು ಅಂತ ಹಿಂಗಾರಿ ಜೋಳ ಬಿತ್ತುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಖಾರ್ಕಿವ್ ಪ್ರದೇಶದಲ್ಲಿ ಒಬ್ಬ ರೈತ ಬಿಟ್ಟುಹೋದ ಟ್ಯಾಂಕುಗಳ ಉಕ್ಕಿನ ಹಾಳೆಯನ್ನು ತನ್ನ ಟ್ರ್ಯಾಕ್ಟರಿಗೆ ಹೊದಿಸಿ, ದೂರದಲ್ಲಿ ನಿಂತು ರಿಮೋಟ್‌ನಿಂದ ಹೊಲದಲ್ಲಿ ಓಡಿಸಿದ. ಸಾಲ ತಲೆಯ ಮೇಲಿರುವಾಗ ಸರ್ಕಾರದ ತಂಡಕ್ಕಾಗಿ ಐದು ವರ್ಷ ಕಾಯಲು ಯಾರಿಗೆ ಆಗುತ್ತದೆ? ಮುಂದೆ ಉಕ್ರೇನ್ ಸರ್ಕಾರವೇ ರೈತರ ಹೊಲ ಸ್ವಚ್ಛ ಮಾಡಿಸುವ ಖರ್ಚು ಕೊಡುವ ಯೋಜನೆ ತಂದಿತು, ಮೊದಲು 100ಕ್ಕೆ 80 ಪಾಲು, ಆಮೇಲೆ ಪೂರ್ತಿ.

ಎಲ್ಲಕ್ಕಿಂತ ಅಗ್ಗದ ನೆರವು: ಒಂದು ನಕ್ಷೆ

ಬಾಂಬ್ ಹೂತವನ ಬಳಿ ಲೆಕ್ಕ ಇರುತ್ತದೆ, ಇರಬೇಕು. ಎಲ್ಲಿ, ಎಷ್ಟು, ಎಷ್ಟು ಅಂತರದಲ್ಲಿ. ಆ ಹಾಳೆ ಕೈಗೆ ಸಿಕ್ಕರೆ ವರ್ಷಗಳ ಕೆಲಸ ತಿಂಗಳುಗಳಿಗೆ ಇಳಿಯುತ್ತದೆ. ಅದಕ್ಕೇ ಯುದ್ಧ ಮುಗಿದ ಮೇಲೆ ಈ ಹಾಳೆಗಳೇ ಚೌಕಾಸಿಯ ಸರಕಾಗುತ್ತವೆ.

ಅರ್ಮೇನಿಯಾ, ಅಜರ್ಬೈಜಾನ್ ನಡುವಿನ 2020ರ ನಗೋರ್ನೊ-ಕಾರಾಬಾಖ್ ಯುದ್ಧದ ನಂತರ ಹೀಗಾಯಿತು. 2021ರ ಜೂನ್‌ನಲ್ಲಿ ಅರ್ಮೇನಿಯಾ ಅಗ್ದಾಮ್ ಜಿಲ್ಲೆಯ ಸುಮಾರು 97,000 ಬಾಂಬ್‌ಗಳ ನಕ್ಷೆ ಕೊಟ್ಟಿತು, ಬದಲಿಗೆ ಅಜರ್ಬೈಜಾನ್ 15 ಬಂದಿಗಳನ್ನು ಬಿಟ್ಟಿತು. ಮುಂದೆ ಅಜರ್ಬೈಜಾನ್ ತಕರಾರು ತೆಗೆಯಿತು: ಕೊಟ್ಟ ನಕ್ಷೆಗಳು ಕಾಲು ಪಾಲು ಮಾತ್ರ ಸರಿ ಅಂತ. ಎರಡೂ ದೇಶ ಒಟ್ಟಾವಾ ಒಪ್ಪಂದದಲ್ಲಿಲ್ಲ. ಈ ತಕರಾರನ್ನು ಕೂತು ಬಗೆಹರಿಸಲು ಅವರಿಗೆ ಒಂದು ಸಾಮಾನ್ಯ ಕಟ್ಟೆಯೇ ಇರಲಿಲ್ಲ. ವಿಮಾನ, ಫಿರಂಗಿಯಿಂದ ಚೆಲ್ಲಿದ ಬಾಂಬ್‌ಗಳಿಗಂತೂ ಸರಿಯಾದ ನಕ್ಷೆ ಮಾಡುವುದೇ ಕಷ್ಟ.

ಯಾರ ದುಡ್ಡು, ಯಾರ ಕೈ

1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬಡಿದಾಡಿದವು. ಅರ್ಜೆಂಟೀನಾದ ಸೈನ್ಯ ಅಲ್ಲಿ ಸುಮಾರು 13,000 ಬಾಂಬ್ ಹೂತಿತ್ತು. ಕೊನೆಯದನ್ನು ತೆಗೆದದ್ದು 2020ರ ನವೆಂಬರಿನಲ್ಲಿ, 38 ವರ್ಷದ ಮೇಲೆ. ತೆಗೆದವರು ಯಾರು? ಹೆಚ್ಚಿನವರು ಜಿಂಬಾಬ್ವೆಯವರು. ತಮ್ಮದೇ ದೇಶದ ಗಡಿಯಲ್ಲಿ ಹಳೆಯ ಯುದ್ಧದ ಬಾಂಬ್ ತೆಗೆದು ಪಳಗಿದ ಕೈಗಳು ಸಾವಿರಾರು ಮೈಲಿ ದೂರ ಹೋಗಿ, ಚಳಿಗಾಳಿಯಲ್ಲಿ ಇನ್ಯಾರದೋ ಯುದ್ಧದ ಬಾಂಬ್ ತೆಗೆದವು. ಖರ್ಚು ಬ್ರಿಟನ್ನಿನದು.

ಮೊಜಾಂಬಿಕ್ ಇನ್ನೊಂದು ಕತೆ. ಯುದ್ಧ ನಿಂತ ಮೇಲೆ 1993ರ ಹೊತ್ತಿಗೆ ಶುರುವಾದ ಕೆಲಸ 2015ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಹೇಲೋ ಟ್ರಸ್ಟ್ ಎಂಬ ಒಂದೇ ಸಂಸ್ಥೆ 1,70,000ಕ್ಕೂ ಹೆಚ್ಚು ಬಾಂಬ್ ತೆಗೆಯಿತು. ಇದು ಎಂದೂ ಮುಗಿಯದ ಕೆಲಸ ಅನ್ನುವವರಿಗೆ ಮೊಜಾಂಬಿಕ್ ಒಂದೇ ಉತ್ತರ ಸಾಕು. ಮುಗಿಯುತ್ತದೆ. ಆದರೆ ಇಪ್ಪತ್ತು ವರ್ಷ ದುಡ್ಡು ನಿಲ್ಲದೆ ಬರಬೇಕು.

ಇಲ್ಲೇ ಇನ್ನೊಂದು ಗೊಂದಲವಿದೆ. ಈ ಕೆಲಸಕ್ಕೆ ಬಹಳ ವರ್ಷಗಳಿಂದ ಅತಿ ಹೆಚ್ಚು ದುಡ್ಡು ಕೊಟ್ಟ ದೇಶ ಅಮೆರಿಕ, ಅದು ಒಪ್ಪಂದದಲ್ಲೇ ಇಲ್ಲ. 1993ರಿಂದ 500 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿದೆ. ಅದೇ ಅಮೆರಿಕ 2024ರ ನವೆಂಬರಿನಲ್ಲಿ ಉಕ್ರೇನಿಗೆ ಇದೇ ಬಗೆಯ ಬಾಂಬ್ ಕೊಡಲು ಒಪ್ಪಿತು. 2025ರ ಜನವರಿಯಲ್ಲಿ ವಿದೇಶಿ ನೆರವನ್ನೆಲ್ಲ ತಡೆಹಿಡಿದಾಗ ಕಾಂಬೋಡಿಯಾದಿಂದ ಹಿಡಿದು ಹಲವು ದೇಶಗಳಲ್ಲಿ ತಂಡಗಳು ಕೆಲಸ ನಿಲ್ಲಿಸಬೇಕಾಯಿತು. ಕೆಲವು ಕಡೆ ನೆರವು ಮತ್ತೆ ಶುರುವಾಯಿತು. ಆದರೆ ತರಬೇತಾದ ಆಳನ್ನು ಮನೆಗೆ ಕಳಿಸಿದರೆ ಅವನು ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿಯುತ್ತಾನೆ. ಮತ್ತೆ ಅವನಂಥವನನ್ನು ತಯಾರು ಮಾಡಲು ಸಮಯ ಬೇಕು.

ಹೊರಹೋದವರ ವಾದವೂ ಸುಳ್ಳಲ್ಲ

ಐದೂ ದೇಶಗಳು ರಷ್ಯಾ ಅಥವಾ ಬೆಲಾರುಸ್ ಗಡಿಗೆ ಅಂಟಿಕೊಂಡಿವೆ. "ರಷ್ಯಾ ಒಪ್ಪಂದಕ್ಕೆ ಸೇರಿಲ್ಲ, ಉಕ್ರೇನಿನಲ್ಲಿ ಲೆಕ್ಕವಿಲ್ಲದಷ್ಟು ಬಾಂಬ್ ಹೂತಿದೆ. ನಮ್ಮ ಕೈ ಮಾತ್ರ ಯಾಕೆ ಕಟ್ಟಬೇಕು? ಜನ ಕಡಿಮೆ, ಗಡಿ ಉದ್ದ, ಶತ್ರು ನುಗ್ಗಿದರೆ ನೆರವು ಬರುವವರೆಗೆ ತಡೆಯಬೇಕಲ್ಲ." 2012ರಲ್ಲಷ್ಟೇ ಸೇರಿ ಗೋದಾಮಿನಲ್ಲಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಬಾಂಬ್ ನಾಶ ಮಾಡಿದ್ದ ಫಿನ್‌ಲೆಂಡ್ ಕೂಡ ಈಗ ಇದನ್ನೇ ಹೇಳುತ್ತಿದೆ. ಭಯ ನಿಜವಾದದ್ದು. ಅದನ್ನು ದೂರ ಕೂತು ತಳ್ಳಿಹಾಕಬಾರದು.

ಉಕ್ರೇನಿನದು ಇನ್ನೂ ತೊಡಕಿನ ವಿಷಯ. ಅದು ಒಪ್ಪಂದದ ಸದಸ್ಯ. ಯುದ್ಧ ನಡೆಯುತ್ತಿರುವಾಗ ಹೊರಬರುವ ನೋಟಿಸ್ ಕೊಟ್ಟರೂ ಯುದ್ಧ ಮುಗಿಯುವವರೆಗೆ ಅದು ಜಾರಿಗೆ ಬರುವುದಿಲ್ಲ ಅಂತ ನಿಯಮವೇ ಇದೆ. ಹಾಗಾಗಿ 2025ರಲ್ಲಿ ಅದು "ಸದ್ಯಕ್ಕೆ ಅಮಾನತು" ಅಂದಿತು. ಒಪ್ಪಂದದಲ್ಲಿ ಅಂಥ ದಾರಿಯೇ ಇಲ್ಲ ಅಂತ ಬೇರೆ ಸದಸ್ಯ ದೇಶಗಳು ತಕರಾರು ಎತ್ತಿವೆ.

ಎದುರು ವಾದ ರೆಡ್‌ಕ್ರಾಸ್ ಮತ್ತು ನಿಷೇಧದ ಪರ ನಿಂತ ಸಂಘಟನೆಗಳದು. ಈ ಬಾಂಬ್ ಸೈನ್ಯವನ್ನು ತಡೆಯುವುದು ಸ್ವಲ್ಪ ಹೊತ್ತು, ಊರವರನ್ನು ಕಾಡುವುದು ತಲೆಮಾರು ಅಂತ ಅವರು ಹೇಳುತ್ತಾರೆ. ಅಂಕಿ ಅವರ ಕಡೆ ಇದೆ. 2023ರಲ್ಲಿ ನೆಲಬಾಂಬ್ ಮತ್ತು ಯುದ್ಧ ಉಳಿಸಿಹೋದ ಸಿಡಿಮದ್ದಿನಿಂದ ಸತ್ತವರು, ಗಾಯಗೊಂಡವರು ಕಡಿಮೆ ಅಂದರೂ 5,757 ಮಂದಿ. ಅವರಲ್ಲಿ 100ಕ್ಕೆ 84 ಮಂದಿ ಸಾಮಾನ್ಯ ಜನ. ಹೊಲಕ್ಕೆ ಹೋದವರು, ಸೌದೆಗೆ ಹೋದವರು, ಆಡು ಕಾಯಲು ಹೋದ ಮಕ್ಕಳು. ಹೊರಹೋದ ದೇಶಗಳು ನಕ್ಷೆ ಇಡುತ್ತೇವೆ, ಬೇಲಿ ಹಾಕುತ್ತೇವೆ, ಆಮೇಲೆ ತೆಗೆಯುತ್ತೇವೆ ಅನ್ನುತ್ತವೆ. ಇಡಬಹುದು ಕೂಡ. ಆದರೆ ಆ ಬೇಲಿ ಯುದ್ಧದಲ್ಲಿ ಉಳಿಯುತ್ತದಾ ಅನ್ನುವುದೇ ಪ್ರಶ್ನೆ. ಉಳಿಯುವ ಹಾಗಿದ್ದರೆ ಬೋಸ್ನಿಯಾದವರು ಮೂವತ್ತು ವರ್ಷದ ಮೇಲೂ ಹುಡುಕುತ್ತಾ ಕೂರುತ್ತಿರಲಿಲ್ಲ.

ಭಾರತ ಎಲ್ಲಿದೆ

ಬೆಳಗಾವಿ ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸಿದ ಮನೆ ಪ್ರತಿ ಊರಲ್ಲೂ ಸಿಗುತ್ತದೆ. ಹಾಗಾಗಿ ಇದು ಇಲ್ಲಿಯವರಿಗೆ ದೂರದ ವಿಷಯವೇನಲ್ಲ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆಪರೇಷನ್ ಪರಾಕ್ರಮದಲ್ಲಿ ಪಾಕಿಸ್ತಾನದ ಗಡಿಯುದ್ದಕ್ಕೂ ಲಕ್ಷಗಟ್ಟಲೆ ಬಾಂಬ್ ಹೂಳಲಾಯಿತು, ಎಷ್ಟೋ ಕಡೆ ರೈತರ ಹೊಲದಲ್ಲೇ. ಹೂಳುವಾಗಲೂ ತೆಗೆಯುವಾಗಲೂ ನಮ್ಮ ಯೋಧರೇ ಜೀವ ಕೊಟ್ಟರು, ಪಂಜಾಬ್, ರಾಜಸ್ಥಾನದ ರೈತರು ಬೆಳೆ ಬಿಟ್ಟರು. ಎಲ್‌ಒಸಿಯಲ್ಲಿ ಹಿಮ, ಮಳೆಗೆ ಬಾಂಬ್ ಜಾರಿ ಗಸ್ತಿನ ಯೋಧರೇ ಗಾಯಗೊಳ್ಳುವ ಸುದ್ದಿ ಇವತ್ತಿಗೂ ಬರುತ್ತದೆ.

ಉದ್ದದ ಗಡಿ ಕಾಯಬೇಕು, ಬದಲಿ ಸಾಧನ ಸಿಗುವವರೆಗೆ ಇದು ಬೇಕು, ಆದರೆ ನೆಲಬಾಂಬ್ ಇಲ್ಲದ ಜಗತ್ತು ಬರಲಿ ಅನ್ನುವ ಆಸೆಗೆ ನಮ್ಮ ಬೆಂಬಲ ಇದೆ, ಇದು ಭಾರತದ ನಿಲುವು. ಒಟ್ಟಾವಾ ಸಭೆಗಳಿಗೆ ವೀಕ್ಷಕನಾಗಿ ಹೋಗುತ್ತದೆ. ಹೂತ ಬಾಂಬಿನ ಲೆಕ್ಕ ಇಡಬೇಕು, ಬೇಲಿ ಹಾಕಬೇಕು ಅನ್ನುವ ಇನ್ನೊಂದು ಅಂತರರಾಷ್ಟ್ರೀಯ ಕಟ್ಟಳೆಗೆ ಭಾರತ ಒಪ್ಪಿದೆ.

ಒಪ್ಪಂದದ ಹೊರಗಿದ್ದೂ ಭಾರತ ಮಾಡಿದ ಒಳ್ಳೆಯ ಕೆಲಸ ಶ್ರೀಲಂಕಾದಲ್ಲಿದೆ. 2009ರಲ್ಲಿ ಅಲ್ಲಿ ಯುದ್ಧ ಮುಗಿದಾಗ ಉತ್ತರದ ತಮಿಳರು ಊರಿಗೆ ಮರಳಲು ಆಗುತ್ತಿರಲಿಲ್ಲ, ಹಿತ್ತಲಲ್ಲೂ ಬಾವಿಯ ಪಕ್ಕದಲ್ಲೂ ಬಾಂಬ್. ಭಾರತ ಸರ್ಕಾರ ಪೂರ್ತಿ ಖರ್ಚು ಹಾಕಿಕೊಂಡು 7 ತಂಡ ಕಳಿಸಿತು. ಸರ್ವತ್ರ, ಹೊರೈಜನ್ ಎಂಬ ಎರಡು ಭಾರತೀಯ ಸಂಸ್ಥೆಗಳ ಈ ತಂಡಗಳಲ್ಲಿ ನಮ್ಮ ಸೈನ್ಯದ ನಿವೃತ್ತರು ಕೆಲಸ ಮಾಡಿದರು. ಶ್ರೀಲಂಕಾ 2017ರಲ್ಲಿ ಒಪ್ಪಂದ ಸೇರಿತು, ಅದರ ಗಡುವು 2028ರ ಜೂನ್. ಹಾಗೆಯೇ ಕಾಲು ಕಳೆದುಕೊಂಡ ಅಫ್ಘನ್ನರಿಗೆ ನಮ್ಮ ಜೈಪುರ ಕಾಲು ಎಷ್ಟು ನೆರವಾಗಿದೆ ಅನ್ನುವುದು ಬಹಳ ಮಂದಿಗೆ ಗೊತ್ತು. ಇದನ್ನು ನಾವು ಇನ್ನೂ ಜಾಸ್ತಿ ಮಾಡಬಹುದು, ಮಾಡಬೇಕು. ಅನುಭವ ಇರುವ ಕೈಗಳು ನಮ್ಮಲ್ಲಿವೆ.

ಇದರಿಂದ ಮುಂದೇನಾಗಬಹುದು

ಐದು ದೇಶ ಹೊರಹೋದ ಮಾತ್ರಕ್ಕೆ ನಾಳೆಯೇ ಯಾರ ಕಾಲೂ ಹೋಗುವುದಿಲ್ಲ. ಪೆಟ್ಟು ಬೀಳುವುದು ನಿಧಾನಕ್ಕೆ, ಸುತ್ತು ದಾರಿಯಲ್ಲಿ. ಮೊದಲು, ಮುಚ್ಚಿದ ಕಾರ್ಖಾನೆಗಳು ತೆರೆಯುತ್ತವೆ. ತೆರೆದ ಕಾರ್ಖಾನೆ ಗಿರಾಕಿ ಹುಡುಕುತ್ತದೆ. ಎರಡನೆಯದು ಖಜಾನೆ. ರಕ್ಷಣೆಗೆ ಖರ್ಚು ಏರಿದಾಗ ಮೊದಲು ಕತ್ತರಿ ಬೀಳುವುದು ದೂರದ ದೇಶಕ್ಕೆ ಕೊಡುವ ನೆರವಿಗೆ, ಮತ್ತು ಉಳಿದ ದುಡ್ಡಿನ ದೊಡ್ಡ ಪಾಲು ಈಗಾಗಲೇ ಉಕ್ರೇನಿಗೆ ಹೋಗುತ್ತಿದೆ. ಅಂಗೋಲಾ, ಶ್ರೀಲಂಕಾ, ಕಾಂಬೋಡಿಯಾದ ಹೊಲಗಳು ಸಾಲಿನಲ್ಲಿ ಹಿಂದಕ್ಕೆ ಹೋಗುತ್ತವೆ. ಮೂರನೆಯದು ಮಾತಿನ ತೂಕ. "ನಾವು ಬಿಟ್ಟಿದ್ದೇವೆ, ನೀವೂ ಬಿಡಿ" ಅಂತ ಬಡ ದೇಶಕ್ಕೆ ಹೇಳುತ್ತಿದ್ದವರು ಇನ್ನು ಯಾವ ಬಾಯಿಂದ ಹೇಳುವುದು?

ಆ ತೂಕ ಇಳಿದರೆ ಹೇಗಿರುತ್ತದೆ ಅನ್ನುವುದಕ್ಕೆ ಥಾಯ್ಲೆಂಡ್–ಕಾಂಬೋಡಿಯಾ ಗಡಿ ನೋಡಬಹುದು. ಎರಡೂ ಒಪ್ಪಂದದ ಸದಸ್ಯರು. ಅಲ್ಲಿ ಎಂಬತ್ತರ ದಶಕದಿಂದ ಹೂತ ಬಾಂಬ್‌ಗಳು ಇನ್ನೂ ಇವೆ. 2025ರ ಜುಲೈಯಲ್ಲಿ ಗಸ್ತು ತಿರುಗುತ್ತಿದ್ದ ಥಾಯ್ ಯೋಧರು ಬಾಂಬ್ ತುಳಿದು ಕಾಲು ಕಳೆದುಕೊಂಡರು. ಇವು ಹೊಸದಾಗಿ ಹೂತದ್ದು ಅಂತ ಥಾಯ್ಲೆಂಡ್ ಆರೋಪಿಸಿತು, ಹಳೆಯ ಯುದ್ಧದವು ಅಂತ ಕಾಂಬೋಡಿಯಾ ಅಂದಿತು. ಕೆಲವೇ ದಿನಗಳಲ್ಲಿ ಐದು ದಿನದ ಕದನ. ಅಕ್ಟೋಬರ್ 26ರಂದು ಕ್ವಾಲಾಲಂಪುರದಲ್ಲಿ ಶಾಂತಿಯ ಕಾಗದಕ್ಕೆ ಸಹಿ ಬಿತ್ತು, ಗಡಿಯ ಬಾಂಬ್ ತೆಗೆಯುವ ಮಾತೂ ಅದರಲ್ಲಿ ಇತ್ತು. ಎರಡು ವಾರದಲ್ಲಿ ಇನ್ನೊಂದು ಬಾಂಬ್ ಸಿಡಿಯಿತು, ಥಾಯ್ಲೆಂಡ್ ಆ ಶಾಂತಿ ಒಪ್ಪಂದವನ್ನು ತಡೆಹಿಡಿಯಿತು, ಡಿಸೆಂಬರಿನಲ್ಲಿ ಮತ್ತೆ ಗುಂಡಿನ ಸದ್ದು. ಹಳೆಯದೋ ಹೊಸದೋ ಅಂತ ನೋಡಿ ಹೇಳಲು ಎರಡೂ ಕಡೆಯವರು ನಂಬುವ ಒಂದು ತಂಡ ಆ ಗಡಿಯಲ್ಲಿ ಮೊದಲೇ ಇದ್ದಿದ್ದರೆ ಜುಲೈಯ ಜಗಳ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆ ಊರುಗಳ ಜನ ಗುಂಡಿನ ಸದ್ದಿಗೆ ಮನೆ ಬಿಟ್ಟು ಓಡಿದ್ದರು. ಅವರು ಮರಳಿ ಹೋಗಬೇಕಾದ್ದು ಅದೇ ನೆಲಕ್ಕೆ.